ಬರೆದದ್ದು ನಮ್ಮದು, ಇಟ್ಟಿರುವುದು ಯಾರ ಹತ್ತಿರ?

ಹತ್ತು ವರ್ಷದ ಹಿಂದೆ ಬುಕ್‌ಮಾರ್ಕ್ ಮಾಡಿಟ್ಟ ಪುಟಗಳನ್ನು ಒಂದು ಸಲ ತೆರೆದು ನೋಡಿ. ಎಲ್ಲವೂ ಬೇಡ, ಒಂದಿಪ್ಪತ್ತು ಸಾಕು. ಕೆಲವು ತೆರೆಯುತ್ತವೆ. ಕೆಲವು ಕಡೆ 404 ಅನ್ನುವ ಸಂಖ್ಯೆ ಬರುತ್ತದೆ, ಪುಟ ಸಿಗಲಿಲ್ಲ ಅಂತ ಅದರ ಅರ್ಥ. ಕೆಲವು ಕಡೆ ಈ ಡೊಮೈನ್, ಅಂದರೆ ಜಾಲತಾಣದ ಹೆಸರು, ಮಾರಾಟಕ್ಕಿದೆ ಅಂತ ಬೋರ್ಡ್ ಇರುತ್ತದೆ. ಇನ್ನು ಕೆಲವು ಲಿಂಕ್‌ಗಳು ನಮ್ಮನ್ನು ಸುಮ್ನೆ ಆ ಜಾಲತಾಣದ ಮುಖಪುಟಕ್ಕೆ ತಂದು ಬಿಟ್ಟುಬಿಡುತ್ತವೆ, ಹುಡುಕುತ್ತಿದ್ದ ಲೇಖನ ಎಲ್ಲಿ ಹೋಯಿತು ಅಂತ ಒಂದು ಮಾತೂ ಇರುವುದಿಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವಿಳಾಸ ಅದೇ, ಪುಟವೂ ತೆರೆಯುತ್ತದೆ, ಆದರೆ ಒಳಗಿನ ಬರಹ ಬೇರೆ. ಅದು ಬದಲಾಗಿದೆ ಅಂತ ಗೊತ್ತಾಗಬೇಕಾದರೆ ಹಳೆಯದನ್ನು ಓದಿ ನೆನಪಿಟ್ಟುಕೊಂಡವರೇ ಬರಬೇಕು.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಇದರ ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಹೊತ್ತಿಗೆ ಸಿಗದಂತಾಗಿದ್ದವು. ಅವರು ನೋಡಿದ ವಿಕಿಪೀಡಿಯಾ ಪುಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುಟಗಳ ಉಲ್ಲೇಖಪಟ್ಟಿಯಲ್ಲಿ ಒಂದಾದರೂ ಸತ್ತ ಲಿಂಕ್ ಇತ್ತು. ಅದಕ್ಕೂ ಹತ್ತು ವರ್ಷ ಮೊದಲು ಹಾರ್ವರ್ಡ್‌ನ ಕಾನೂನು ವಿದ್ವಾಂಸರು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟಿದ್ದ ಲಿಂಕ್‌ಗಳನ್ನು ಒಂದೊಂದಾಗಿ ತೆರೆದು ನೋಡಿದ್ದರು. ಸುಮಾರು ಅರ್ಧದಷ್ಟು ಲಿಂಕ್‌ಗಳಲ್ಲಿ ಮೂಲದ ಮಾಹಿತಿ ಇರಲಿಲ್ಲ. ಒಂದು ದೇಶದ ಅತಿ ದೊಡ್ಡ ನ್ಯಾಯಾಲಯ ತನ್ನ ತೀರ್ಪಿಗೆ ಆಧಾರ ಅಂತ ತೋರಿಸಿದ ಪುಟಗಳ ಗತಿಯೇ ಹೀಗಾದರೆ, ನಾವು ನೀವು ಬರೆದಿದ್ದಕ್ಕೆ ಯಾರು ಗ್ಯಾರಂಟಿ?

ಆದರೂ ನಾವು ಮಕ್ಕಳಿಗೆ ಹೇಳಿಕೊಡುವುದು ಒಂದೇ ಮಾತು: ಇಂಟರ್‌ನೆಟ್‌ಗೆ ಹಾಕಿದ್ದು ಯಾವತ್ತೂ ಅಳಿಯುವುದಿಲ್ಲ. ಅದು ಅರ್ಧ ಮಾತ್ರ ನಿಜ. ಹತ್ತಾರು ಜನ ಸ್ಕ್ರೀನ್‌ಶಾಟ್ ತೆಗೆದು ಹಂಚಿದ ಜಗಳ ಉಳಿಯುತ್ತದೆ. ಯಾರದೋ ಮಾನ ಕಳೆಯುವ ಫೋಟೊ ಉಳಿಯುತ್ತದೆ. ಅದರ ನೂರು ಪ್ರತಿ ನೂರು ಕಡೆ ಇರುತ್ತದಲ್ಲ, ಅದಕ್ಕೆ. ಒಬ್ಬರು ವರ್ಷಗಟ್ಟಲೆ ಕೂತು ಬರೆದ ಹಕ್ಕಿಗಳ ಟಿಪ್ಪಣಿ, ಹಳೆಯ ಯಂತ್ರವೊಂದನ್ನು ಬಿಚ್ಚಿ ಜೋಡಿಸುವ ವಿವರ, ಅಪರೂಪದ ಕಾಯಿಲೆಯ ಜೊತೆ ಬದುಕುತ್ತಿರುವವರ ದಿನಚರಿ, ಇಂಥವು ಇರುವುದು ಒಂದೇ ಕಡೆ. ಆ ಒಂದು ಕಡೆ ಹೋದರೆ ಪೂರ್ತಿ ಹೋದ ಹಾಗೆ. ಉಳಿಯಬಾರದ್ದು ಉಳಿಯುತ್ತದೆ, ಉಳಿಯಬೇಕಾದ್ದು ಸದ್ದಿಲ್ಲದೆ ಹೋಗುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ.

ಪುಟ ಹೋಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಡೊಮೈನ್ ನವೀಕರಿಸಿ ಎಂದು ಬಂದ ಇಮೇಲ್ ಸ್ಪ್ಯಾಮ್‌ಗೆ ಹೋಗಿ ಬಿದ್ದಿರುತ್ತದೆ. ಹಣ ಕಡಿತವಾಗಬೇಕಿದ್ದ ಕಾರ್ಡಿನ ಅವಧಿ ಮುಗಿದಿರುತ್ತದೆ. ಪತ್ರಿಕೆಯವರು ಹೊಸ ವಿನ್ಯಾಸ ಮಾಡಿಸಿರುತ್ತಾರೆ, ಹಳೆಯ ವಿಳಾಸಗಳನ್ನು ಹೊಸದಕ್ಕೆ ಜೋಡಿಸುವ ಕೆಲಸ ಯಾರಿಗೂ ಮುಖ್ಯ ಅನ್ನಿಸಿರುವುದಿಲ್ಲ. ವೆಬ್ ಕಟ್ಟಿದ ಟಿಮ್ ಬರ್ನರ್ಸ್ ಲೀ 1998ರಲ್ಲೇ ಈ ವಿಷಯ ಬರೆದಿದ್ದರು, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ ಅಂತ. ಕೇಳಿದವರು ಕಡಿಮೆ. ಗೂಗಲ್ ಲಿಂಕ್‌ಗಳನ್ನು ಚಿಕ್ಕದು ಮಾಡಿಕೊಡುವ ಒಂದು ಸೇವೆ ನಡೆಸುತ್ತಿತ್ತು. 2019ರಲ್ಲಿ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ, ಜನ ಈಗ ಬಳಸುತ್ತಿಲ್ಲ ಎಂದು ತನಗೆ ಕಂಡ ಹಳೆಯ ಲಿಂಕ್‌ಗಳನ್ನೂ ಮುಚ್ಚಿತು. ಅಚ್ಚಾದ ಪುಸ್ತಕಗಳ ಅಡಿಟಿಪ್ಪಣಿಗಳಲ್ಲೂ ಆ ಲಿಂಕ್‌ಗಳಿದ್ದವು. ಪುಸ್ತಕದಲ್ಲಿ ಅಚ್ಚಾದದ್ದನ್ನು ಯಾರು ಹೋಗಿ ತಿದ್ದುತ್ತಾರೆ?

ಇನ್ನು ಕಂಪನಿಗಳೇ ಅಂಗಡಿ ಮುಚ್ಚುವುದು. ಜಿಯೋಸಿಟೀಸ್ 1994ರಲ್ಲಿ ಶುರುವಾಗಿದ್ದು, ಸಾಮಾನ್ಯ ಜನ ಮೊದಲ ಸಲ ತಮ್ಮದೊಂದು ವೆಬ್ ಪುಟ ಮಾಡಿಕೊಂಡ ಜಾಗ. ಯಾಹೂ 1999ರಲ್ಲಿ ಅದನ್ನು ಕೊಂಡಿತು, 2009ರ ಅಕ್ಟೋಬರ್ 26ಕ್ಕೆ ಮುಚ್ಚಿತು. ಮುಚ್ಚುವ ಮುಂಚೆ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಎಷ್ಟು ಆಗುತ್ತೋ ಅಷ್ಟನ್ನು ನಕಲು ಮಾಡಿಟ್ಟುಕೊಂಡಿತು. ಅವರಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. 2004ರ ಜನವರಿಯಲ್ಲಿ ಬಂದ ಗೂಗಲ್ ಕಂಪನಿಯ ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಫೋಟೊಗಳನ್ನು ಇಳಿಸಿಕೊಳ್ಳಲು ಎರಡು ವರ್ಷ ಅವಕಾಶ ಕೊಟ್ಟಿದ್ದರು, ಅದು ಒಳ್ಳೆಯದೇ. ಆದರೆ ಆ ಹೊತ್ತಿಗೆ ಪಾಸ್‌ವರ್ಡ್ ಮರೆತವರು, ಇಮೇಲ್ ಬದಲಿಸಿದವರು ಎಷ್ಟು ಜನ!

ಮೈಸ್ಪೇಸ್‌ನದ್ದು ಇನ್ನೂ ನೋವಿನ ಕತೆ. ಹಾಡು ಹಂಚಿಕೊಳ್ಳಲು ಹೆಸರಾಗಿದ್ದ ಆ ಸಾಮಾಜಿಕ ಜಾಲತಾಣ ಮುಚ್ಚಿರಲಿಲ್ಲ, ನಡೆಯುತ್ತಲೇ ಇತ್ತು. 2019ರಲ್ಲಿ ಕಂಪನಿ ಒಂದು ವಿಷಯ ಒಪ್ಪಿಕೊಂಡಿತು. ಸರ್ವರ್‌ನಿಂದ ಸರ್ವರ್‌ಗೆ ಸಾಗಿಸುವಾಗ, 2015ಕ್ಕೆ ಮುಂಚೆ ಜನ ಹಾಕಿದ್ದ ಹಾಡು, ಫೋಟೊ, ವಿಡಿಯೊ ಹೋಗಿಬಿಟ್ಟಿವೆ ಅಂತ. ಹಾಡುಗಳೇ 5 ಕೋಟಿಗೂ ಜಾಸ್ತಿ ಅಂತ ಆಗ ಅಂದಾಜು ಮಾಡಿದ್ದರು. ಎಷ್ಟೋ ಹುಡುಗ ಹುಡುಗಿಯರು ತಮ್ಮ ಮೊದಲ ಹಾಡನ್ನು ಅಲ್ಲಿ ಹಾಕಿದ್ದರು, ಅಲ್ಲಿ ಮಾತ್ರ ಹಾಕಿದ್ದರು. ಸ್ವಲ್ಪ ದಿನದಲ್ಲಿ ಒಂದು ಸಮಾಧಾನದ ಸುದ್ದಿ ಬಂತು. ಯಾವುದೋ ಅಧ್ಯಯನಕ್ಕೆಂದು ಸಂಶೋಧಕರು 2008ರಿಂದ 2010ರ ನಡುವೆ ಸುಮಾರು 4 ಲಕ್ಷ 90 ಸಾವಿರ ಹಾಡುಗಳ ಪ್ರತಿ ಇಳಿಸಿಕೊಂಡಿದ್ದರು, ಅವು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿದವು. ಉಳಿದದ್ದು ನೂರಕ್ಕೆ ಒಂದರಷ್ಟು. ಅದೂ ಹಾಡಿದವರು ಇಟ್ಟುಕೊಂಡ ಪ್ರತಿಯಿಂದ ಉಳಿದದ್ದಲ್ಲ, ಬೇರೆ ಯಾರೋ ಬೇರೆ ಯಾವುದೋ ಕಾರಣಕ್ಕೆ ಇಟ್ಟುಕೊಂಡಿದ್ದರಿಂದ.

ಡಿಜಿಟಲ್ ಸಾಕ್ಷರತೆ ಅಂತ ಈಗ ಎಲ್ಲ ಕಡೆ ತರಬೇತಿ ಕೊಡುತ್ತಾರೆ. ಒಟಿಪಿ ಯಾರಿಗೂ ಹೇಳಬೇಡಿ, ಪಾಸ್‌ವರ್ಡ್ ಗಟ್ಟಿ ಇರಲಿ, ಸುಳ್ಳು ಸುದ್ದಿ ಫಾರ್ವರ್ಡ್ ಮಾಡಬೇಡಿ. ಎಲ್ಲವೂ ಬೇಕಾದದ್ದೇ, ಒಂದನ್ನೂ ಬಿಡುವ ಹಾಗಿಲ್ಲ. ಆದರೆ ಪೋಸ್ಟ್ ಅನ್ನುವ ಬಟನ್ ಒತ್ತಿದ ಮೇಲೆ ಆ ಬರಹ ಎಲ್ಲಿ ಹೋಗಿ ಕೂರುತ್ತದೆ, ಅದನ್ನು ನಾಳೆ ಯಾರು ತೆಗೆದುಹಾಕಬಹುದು, ನಮಗೇ ವಾಪಸ್ ಬೇಕು ಅಂದರೆ ಹೇಗೆ ತೆಗೆದುಕೊಳ್ಳಬೇಕು, ಇದನ್ನು ಹೇಳಿಕೊಡುವವರು ಕಾಣುವುದಿಲ್ಲ. ನನ್ನ ಪ್ರಕಾರ ಅಕ್ಷರ ಕಲಿತವರಿಗೆ ಓದುವುದು, ಬರೆಯುವುದು ಎಷ್ಟು ಮುಖ್ಯವೋ, ಬರೆದಿದ್ದನ್ನು ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಹಕ್ಕಿನ ವಿಷಯದಲ್ಲಿ ಜನರಿಗೆ ಎರಡು ರೀತಿಯ ತಪ್ಪು ಕಲ್ಪನೆ ಇದೆ. ಫೇಸ್‌ಬುಕ್‌ನಲ್ಲಿ ಹಾಕಿದರೆ ಅದು ಫೇಸ್‌ಬುಕ್‌ನದ್ದೇ ಆಗಿಬಿಡುತ್ತದೆ ಅನ್ನುವುದು ಒಂದು. ಆಗುವುದಿಲ್ಲ. ಬರೆದ ಕ್ಷಣದಿಂದ ಕೃತಿಸ್ವಾಮ್ಯ ಬರೆದವರದ್ದೇ, ಯಾವ ಕಚೇರಿಯಲ್ಲೂ ನೋಂದಣಿ ಮಾಡಿಸಬೇಕಿಲ್ಲ. ನಾವು ಕಂಪನಿಗೆ ಕೊಡುವುದು ಪರವಾನಗಿ. ಅದನ್ನು ತೋರಿಸಲು, ನಕಲು ಮಾಡಲು, ಬೇರೆಯವರಿಗೆ ದಾಟಿಸಲು, ಜಗತ್ತಿನಲ್ಲಿ ಎಲ್ಲೇ ಆದರೂ, ಒಂದು ಪೈಸೆ ಕೊಡದೆ. ಇನ್ನೊಂದು ತಪ್ಪು ಇದರ ಉಲ್ಟಾ: ಹಕ್ಕು ನನ್ನದೇ ಇರುವಾಗ ಭಯ ಯಾಕೆ ಅಂತ. ಹಕ್ಕು ನಿಮ್ಮದೇ ಇರಬಹುದು, ಬೀಗದ ಕೈ ಮಾತ್ರ ಅವರ ಹತ್ತಿರ ಇದೆ. ಖಾತೆ ಬಂದ್ ಮಾಡಿದ ದಿನ ನಿಮ್ಮ ಕೃತಿಸ್ವಾಮ್ಯ ಹಾಗೇ ಇರುತ್ತದೆ, ಕೃತಿ ಮಾತ್ರ ಸಿಗುವುದಿಲ್ಲ.

ಹಣ ಕೊಟ್ಟು ಕೊಂಡದ್ದಕ್ಕೂ ಇದೇ ಪಾಡು. 2009ರ ಜುಲೈನಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದ, ಅವರು ಕೊಂಡಿದ್ದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಆ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟವರಿಗೆ ಮಾರುವ ಹಕ್ಕೇ ಇರಲಿಲ್ಲ ಅನ್ನುವುದು ಕಾರಣ. ಹಣ ವಾಪಸ್ ಬಂತು, ಆಮೇಲೆ ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಆ ಪುಸ್ತಕದ ಮೇಲೆ ಟಿಪ್ಪಣಿ ಮಾಡಿಕೊಂಡಿದ್ದ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಪುಸ್ತಕವಿಲ್ಲದ ಟಿಪ್ಪಣಿ ಉಳಿಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಹೋದವು, ಹಣ ಬಂತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ: ಬರೀ ಪರವಾನಗಿ ಕೊಟ್ಟು, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ, ಖರೀದಿ ಎಂದು ಬಟನ್ ಮೇಲೆ ಬರೆಯುವ ಹಾಗಿಲ್ಲ. ಇದು ಎಲ್ಲ ಕಡೆ ಬರಬೇಕು. ಕೊಂಡೆ ಅಂದುಕೊಂಡವರಿಗೆ ಕೊಂಡಿಲ್ಲ ಅಂತಾದರೂ ಗೊತ್ತಾಗಬೇಕು, ಅಲ್ವಾ?

ಈಚೆಗೆ ಈ ಪರವಾನಗಿಗೆ ಇನ್ನೊಂದು ಬಳಕೆ ಬಂದಿದೆ, ಎಐ ತಂತ್ರಾಂಶಗಳಿಗೆ ಕಲಿಸಲು ನಮ್ಮ ಬರಹ ಕೊಡುವುದು. ಜನ ಗುಂಪುಗುಂಪಾಗಿ ಚರ್ಚೆ ಮಾಡುವ ತಾಣ ರೆಡ್ಡಿಟ್ 2024ರಲ್ಲಿ ಷೇರು ಮಾರುಕಟ್ಟೆಗೆ ಹೋಗುವಾಗ ಸಲ್ಲಿಸಿದ ದಾಖಲೆಯಲ್ಲಿ, ಜನ ಬರೆದ ಮಾತುಗಳನ್ನು ಬೇರೆ ಕಂಪನಿಗಳಿಗೆ ಒದಗಿಸುವ ಒಪ್ಪಂದಗಳ ಒಟ್ಟು ಮೊತ್ತ 20 ಕೋಟಿ 30 ಲಕ್ಷ ಡಾಲರ್ ಅಂತ ಹೇಳಿತು. ಅದೇ ವರ್ಷ ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಾಗ ಸಿಟ್ಟು ಬಂದ ಕೆಲವರು ತಾವೇ ಬರೆದ ಉತ್ತರಗಳನ್ನು ಅಳಿಸಲು ಹೋದರು. ಉತ್ತರಗಳು ವಾಪಸ್ ಬಂದವು, ಕೆಲವರ ಖಾತೆಗಳು ಸ್ವಲ್ಪ ದಿನ ಅಮಾನತಾದವು. ಇದರಲ್ಲಿ ನನ್ನ ಮನಸ್ಸು ಪೂರ್ತಿ ಒಂದು ಕಡೆ ನಿಲ್ಲುವುದಿಲ್ಲ. ಸಾವಿರಾರು ಜನಕ್ಕೆ ಉಪಯೋಗವಾಗುವ ಉತ್ತರ ಉಳಿಯಲಿ ಅಂತಲೂ ಅನ್ನಿಸುತ್ತದೆ, ಬರೆದವರ ಮಾತಿಗೆ ಬೆಲೆಯೇ ಇಲ್ಲವಾ ಅಂತಲೂ ಅನ್ನಿಸುತ್ತದೆ. ಕೊನೆಗೆ ಬರೆದವರನ್ನು ಕೇಳಬೇಕಿತ್ತು ಎಂಬಲ್ಲಿಗೇ ಬಂದು ನಿಲ್ಲುತ್ತೇನೆ.

ನಮ್ಮದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದೆ. ಗೂಗಲ್ 2011ರಲ್ಲೇ ಟೇಕ್‌ಔಟ್ ಎಂಬ ಸೌಲಭ್ಯ ಕೊಟ್ಟಿತು. ಯುರೋಪಿನಲ್ಲಿ 2018ರ ಮೇ ತಿಂಗಳಿಂದ, ಕೇಳಿದರೆ ಕಂಪನಿ ನಮ್ಮ ಮಾಹಿತಿಯನ್ನು ಬೇರೆ ಕಡೆ ಬಳಸಬಹುದಾದ ರೂಪದಲ್ಲಿ ಕೊಡಲೇಬೇಕು ಎಂಬ ಕಾನೂನು ಇದೆ. ಹಾಗಾಗಿ ಈಗ ದೊಡ್ಡ ಜಾಲತಾಣಗಳಲ್ಲೆಲ್ಲ ಸೆಟ್ಟಿಂಗ್ಸ್‌ನ ಒಳಗೆ, ನಾಲ್ಕೈದು ಮೆಟ್ಟಿಲು ಕೆಳಗೆ, ನಿಮ್ಮ ಮಾಹಿತಿ ಇಳಿಸಿಕೊಳ್ಳಿ ಎಂಬ ಆಯ್ಕೆ ಇರುತ್ತದೆ. ಆದರೆ ಒತ್ತಿ ಇಳಿಸಿಕೊಂಡು ಸುಮ್ಮನಾಗಬೇಡಿ, ಬಂದದ್ದನ್ನು ತೆರೆದು ನೋಡಿ.

ಕನ್ನಡದಲ್ಲಿ ಬರೆಯುವವರಂತೂ ನೋಡಲೇಬೇಕು. ನಾನು ಹೀಗೆ ಒಂದು ಜಾಲತಾಣದಿಂದ ನನ್ನ ಬರಹಗಳನ್ನು ತರಿಸಿಕೊಂಡೆ. ಎರಡು ರೂಪದಲ್ಲಿ ಕೊಡುತ್ತಾರೆ, ಬ್ರೌಸರ್‌ನಲ್ಲಿ ಓದುವ ಎಚ್‌ಟಿಎಂಎಲ್ ಒಂದು, ಬೇರೆ ತಂತ್ರಾಂಶಕ್ಕೆ ಸಾಗಿಸಲು ಜೇಸನ್ ಇನ್ನೊಂದು. ಎಚ್‌ಟಿಎಂಎಲ್ ಕಡತದಲ್ಲಿ ಕನ್ನಡ ಚೆನ್ನಾಗೇ ಇತ್ತು. ಜೇಸನ್ ಕಡತದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಪ್ರತಿಯೊಂದು ಅಕ್ಷರದ ಜಾಗದಲ್ಲಿ ಮೂರು ತುಂಡು, ಪ್ರತಿ ತುಂಡೂ ಓರೆಗೆರೆ, ಯು, ಎರಡು ಸೊನ್ನೆ, ಆಮೇಲೆ ಒಂದು ಜೊತೆ ಸಂಕೇತ. ಗುಣಿತದ ಚಿಹ್ನೆಗೂ ಮೂರು, ಒತ್ತಕ್ಷರದ ಮಧ್ಯೆ ಬರುವ ಹಲಂತ ಚಿಹ್ನೆಗೂ ಮೂರು. ನಡೆದದ್ದು ಇಷ್ಟೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಕಡತ ತಯಾರಿಸುವ ತಂತ್ರಾಂಶ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರ ಅಂದುಕೊಂಡು ಬರೆದುಬಿಟ್ಟಿದೆ. ಇಂಗ್ಲಿಷ್‌ನಲ್ಲಿ ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಪ್ರೋಗ್ರಾಮಿಂಗ್ ಬಲ್ಲವರು ಎರಡು ಸಾಲಿನ ಕೋಡ್‌ನಲ್ಲಿ ಇದನ್ನು ವಾಪಸ್ ಕನ್ನಡ ಮಾಡಬಹುದು. ಬಲ್ಲವರಲ್ಲದವರು ಆ ಕಡತ ನೋಡಿ ಹಾಳಾಗಿದೆ ಅಂದುಕೊಂಡು ಅಳಿಸಿಬಿಡುತ್ತಾರೆ. ಅಳಿಸಬೇಡಿ. ಎರಡೂ ರೂಪದಲ್ಲಿ ಇಳಿಸಿ ಇಟ್ಟುಕೊಳ್ಳಿ.

ಇದಕ್ಕಿಂತ ಹಳೆಯ ಗಾಯವೊಂದು ನಮ್ಮ ಭಾಷೆಗೆ ಆಗಿದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಲಕ್ಷಾಂತರ ಪುಟಗಳಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಬುಡ ಇಲ್ಲದ ರೋಮನ್ ಅಕ್ಷರ. ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಮೊದಮೊದಲ ಕನ್ನಡ ಜಾಲತಾಣಗಳೂ ಹೀಗೇ ಇದ್ದವು, ಪುಟ ಎಲ್ಲೋ ಉಳಿದಿದ್ದರೂ ಓದಲು ಬರುವುದಿಲ್ಲ. ಪರಿವರ್ತಕಗಳು ಇವೆ, ಉಚಿತವಾಗಿಯೂ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ನೋಡಿ. ಸೂರ್ಯ ಎಂಬಲ್ಲಿ ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಯಕಾರದ ಆಮೇಲೆ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮುಂಚೆಯೇ ಬರಬೇಕು. ಪರಿವರ್ತಕ ಎಡವುವುದು ಇಂಥ ಕಡೆ. ಮನೆಯಲ್ಲಿ ಯಾರಾದರೂ ಹಿರಿಯರು ಹಳೆಯ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರೆ ಆ ಕಡತವನ್ನೂ ಉಳಿಸಿ, ಫಾಂಟ್ ಕಡತವನ್ನೂ ಜೊತೆಗೇ ಉಳಿಸಿ. ಫಾಂಟ್ ಹೋದರೆ ಆ ಬರಹ ಯಾವ ಲೆಕ್ಕದಲ್ಲಿ ಟೈಪ್ ಆಗಿತ್ತು ಅಂತ ಊಹಿಸಿಕೊಂಡು ಬಿಡಿಸಬೇಕಾಗುತ್ತದೆ.

ಎಲ್ಲರಿಗೂ ತೆರೆದಿರುವ ಪುಟಗಳಿಗೆ ಇಂಟರ್‌ನೆಟ್ ಆರ್ಕೈವ್ ಇದೆ. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ಸಂಸ್ಥೆ. ಲಾಭಕ್ಕಾಗಿ ನಡೆಯುವುದಲ್ಲ. ಪುಟಗಳ ಹಳೆಯ ಪ್ರತಿ ತೋರಿಸುವ ಅದರ ವೇಬ್ಯಾಕ್ ಮಷೀನ್ 2001ರಲ್ಲಿ ಜನರಿಗೆ ತೆರೆದುಕೊಂಡಿತು, 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಒಂದು ಲಕ್ಷ ಕೋಟಿ ಪುಟಗಳ ಪ್ರತಿ ಸೇರಿತ್ತು. ಅಲ್ಲಿ ಸೇವ್ ಪೇಜ್ ನೌ ಎಂಬ ಒಂದು ಚೌಕ ಇದೆ. ವಿಳಾಸ ಅಂಟಿಸಿ ಬಟನ್ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಆ ಪುಟದ ಪ್ರತಿ ತಯಾರಾಗುತ್ತದೆ. ಹೊಸ ವಿಳಾಸದ ಮಧ್ಯೆ ಹದಿನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದನ್ನು ಬಿಡಿಸಿ ಓದಿ: ಮೊದಲ ನಾಲ್ಕು ವರ್ಷ, ಆಮೇಲೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಈ ಪುಟ ಈ ಸೆಕೆಂಡಿನಲ್ಲಿ ಹೀಗಿತ್ತು ಎಂಬುದಕ್ಕೆ ಇದಕ್ಕಿಂತ ಸರಳ ದಾಖಲೆ ನನಗೆ ಗೊತ್ತಿಲ್ಲ. ಯಾವುದಾದರೂ ಲೇಖನಕ್ಕೆ ಲಿಂಕ್ ಕೊಡುವಾಗ ಮೊದಲು ಅದನ್ನು ಅಲ್ಲಿ ಉಳಿಸಿ, ಎರಡು ಲಿಂಕನ್ನೂ ಕೊಡುವುದನ್ನು ಅಭ್ಯಾಸ ಮಾಡಿಕೊಂಡರೆ ಮುಂದೆ ಓದುವವರಿಗೆ ದೊಡ್ಡ ಉಪಕಾರ.

ಹಾಗಂತ ಎಲ್ಲ ಭಾರವನ್ನೂ ಆ ಒಂದು ಸಂಸ್ಥೆಯ ಮೇಲೆ ಹೊರಿಸಿ ನಾವು ನಿಶ್ಚಿಂತೆಯಿಂದ ಇರುವುದು ಸರಿಯಲ್ಲ. 2024ರ ಅಕ್ಟೋಬರ್‌ನಲ್ಲಿ ಅದರ ಮೇಲೆ ಸೈಬರ್ ದಾಳಿ ನಡೆದು ದಿನಗಟ್ಟಲೆ ಬಾಗಿಲು ಮುಚ್ಚಿತ್ತು. ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ಸೋತು ಲಕ್ಷಾಂತರ ಪುಸ್ತಕಗಳನ್ನು ಎರವಲು ಕೊಡುವುದನ್ನು ಅದು ನಿಲ್ಲಿಸಬೇಕಾಯಿತು. ಜೊತೆಗೆ, ಲಾಗಿನ್ ಆಗದೆ ಕಾಣದ ಪುಟಗಳು ಅಲ್ಲಿಗೆ ಹೋಗುವುದೇ ಇಲ್ಲ. ಇವತ್ತು ಒಳ್ಳೆಯ ಬರಹ ಎಷ್ಟೋ ಫೇಸ್‌ಬುಕ್ ಗೋಡೆಗಳ ಮೇಲೆ, ವಾಟ್ಸಾಪ್ ಗುಂಪುಗಳ ಒಳಗೆ ಇದೆ. ಬೆಳಗ್ಗೆ ಒಬ್ಬರು ಮನಸ್ಸಿಟ್ಟು ಬರೆದ ಎರಡು ಪುಟದ ನೆನಪು, ಸಂಜೆಯೊಳಗೆ ನೂರು ಗುಡ್ ಮಾರ್ನಿಂಗ್ ಕೆಳಗೆ ಹೂತುಹೋಗುತ್ತದೆ. ನಾಲ್ಕನೇ ಗುಂಪಿಗೆ ಫಾರ್ವರ್ಡ್ ಆಗುವಷ್ಟರಲ್ಲಿ ಬರೆದವರ ಹೆಸರು ಕಳಚಿಬಿದ್ದಿರುತ್ತದೆ. ಉಳಿಸುವುದು ಅಂದರೆ ಹೆಸರಿನ ಸಮೇತ ಉಳಿಸುವುದು. ಯಾರದ್ದಾದರೂ ಬರಹ ಇಷ್ಟವಾದರೆ ಹೆಸರು, ತಾರೀಕು, ಎಲ್ಲಿ ಬಂತು ಎಂಬುದನ್ನು ಸೇರಿಸಿ ಇಟ್ಟುಕೊಳ್ಳಿ. ಬೇರೆ ಕಡೆ ಹಾಕುವ ಮುಂಚೆ ಅವರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ತಾನು ಬರೆದದ್ದನ್ನು ಅಳಿಸುವ ಹಕ್ಕೂ ಬರೆದವರದ್ದೇ.

ಸ್ವಂತ ಡೊಮೈನ್ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ವಿಳಾಸ ನಿಮ್ಮದಾಗಿದ್ದರೆ ಹಿಂದಿರುವ ಸೇವೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಓದುಗರಿಗೆ ಗೊತ್ತೂ ಆಗುವುದಿಲ್ಲ. ಆದರೆ ಡೊಮೈನ್ ಕೂಡ ಪೂರ್ತಿ ನಮ್ಮದಲ್ಲ, ಒಂದು ಸಲಕ್ಕೆ ಜಾಸ್ತಿ ಅಂದರೆ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಅದಕ್ಕಿಂತ ಮುಖ್ಯ ಅಂತ ನನಗೆ ಕಾಣುವುದು ಬರಹದ ಮೂಲ ಪ್ರತಿ ಯಾವ ರೂಪದಲ್ಲಿದೆ ಅನ್ನುವುದು. ಸಾದಾ ಪಠ್ಯದ ಕಡತ, ಯೂನಿಕೋಡ್‌ನಲ್ಲಿ, ಹೆಸರಿನಲ್ಲೇ ತಾರೀಕು. ಇದನ್ನು ಮೂವತ್ತು ವರ್ಷ ಬಿಟ್ಟು ಯಾವ ಯಂತ್ರದಲ್ಲಾದರೂ ತೆರೆಯಬಹುದು. ಚೆಂದದ ಆ್ಯಪ್‌ಗಳ ಸ್ವಂತ ಕಡತ ರೂಪಗಳು ಅಷ್ಟು ದಿನ ಬಾಳುವುದಿಲ್ಲ. ಅಡೋಬಿ ಕಂಪನಿಯ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ ಆಟಗಳು, ಪಾಠಗಳು ಎಷ್ಟಿದ್ದವು! 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಕೈಬಿಟ್ಟಿತು, ಬ್ರೌಸರ್‌ಗಳೂ ಬಿಟ್ಟವು.

ಪ್ರತಿಗಳ ವಿಷಯದಲ್ಲಿ ಫೋಟೊ ತೆಗೆಯುವವರ ನಡುವೆ ಹುಟ್ಟಿದ ಒಂದು ಸರಳ ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಸಿಂಕ್ ಆಗುತ್ತಿರುವ, ಅಂದರೆ ಎರಡು ಕಡೆ ತಾನಾಗೇ ಒಂದೇ ರೀತಿ ಇರುವ ಫೋಲ್ಡರನ್ನು ಜನ ಬ್ಯಾಕಪ್ ಅಂದುಕೊಳ್ಳುತ್ತಾರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದು ಬ್ಯಾಕಪ್ ಅಲ್ಲ.

ಇನ್ನೊಂದು ವಿಷಯ ಮಾತಾಡಲು ಎಲ್ಲರೂ ಹಿಂಜರಿಯುತ್ತಾರೆ. ಬರೆದವರು ತೀರಿಕೊಂಡ ಮೇಲೆ ಕೃತಿಸ್ವಾಮ್ಯ ವಾರಸುದಾರರಿಗೆ ಹೋಗುತ್ತದೆ, ಭಾರತದಲ್ಲಿ ಅದು 60 ವರ್ಷ ಇರುತ್ತದೆ. ಆದರೆ ಪಾಸ್‌ವರ್ಡ್ ಯಾರಿಗೂ ಹೋಗುವುದಿಲ್ಲ. ಎರಡು ವರ್ಷ ಯಾರೂ ಲಾಗಿನ್ ಆಗದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ, ಅಂದರೆ ಹಕ್ಕಿಗೆ 60 ವರ್ಷ ಆಯಸ್ಸು, ಖಾತೆಗೆ ಎರಡು. ಅದೇ ಗೂಗಲ್‌ನಲ್ಲಿ ಇಂಥವರಿಗೆ ನನ್ನ ಮಾಹಿತಿ ಕೊಡಿ ಅಂತ ಮೊದಲೇ ಹೇಳಿಡುವ ವ್ಯವಸ್ಥೆ 2013ರಿಂದ ಇದೆ. ಫೇಸ್‌ಬುಕ್‌ನಲ್ಲಿ 2015ರಿಂದ, ಆ್ಯಪಲ್‌ನಲ್ಲಿ 2021ರಿಂದ ಇಂಥದ್ದೇ ಸೌಲಭ್ಯ ಇದೆ. ಮೂರನ್ನೂ ಸೇರಿಸಿದರೂ ಅರ್ಧ ಗಂಟೆಯ ಕೆಲಸ. ಡೊಮೈನ್‌ಗೆ ಮಾತ್ರ ಇಂಥ ಸುಲಭದ ದಾರಿ ಕಡಿಮೆ. ಅದು ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಯಾವ ಇಮೇಲ್‌ಗೆ ನೋಟಿಸ್ ಬರುತ್ತದೆ, ಹಣ ಯಾವ ಕಾರ್ಡಿನಿಂದ ಹೋಗುತ್ತದೆ, ಮೂಲ ಕಡತಗಳು ಯಾವ ಡಿಸ್ಕ್‌ನಲ್ಲಿವೆ, ಇಷ್ಟನ್ನು ಕಾಗದದ ಮೇಲೆ ಬರೆದು ಮನೆಯವರಿಗೆ ಗೊತ್ತಿರುವ ಜಾಗದಲ್ಲಿ ಇಡಬೇಕು. ಕಾರ್ಡ್ ಬದಲಾದಾಗ ಆ ಕಾಗದವನ್ನೂ ತಿದ್ದಬೇಕು.